ಕಿಸೆದಾಗಿನ ರಕ್ತ, ಗೌರಿಯ ರಿಪೋರ್ಟ್

ಕೂರಿಗಿ ಭತ್ತ ಬಿತ್ತಿ ಮುಗಿಸೀನಿ, ಮಳಿ ಒಂದು ಹದಕ್ಕ ಬಂದೈತಿ. ಭಾಳ ದಿನದಿಂದ ಬರೀಬೇಕು ಅಂತಿದ್ದ ಒಂದು ವಿಷಯ ಇವತ್ತು ಬರೀತೀನಿ. ಉದ್ದ ಆಗತೈತಿ, ಚಾ ಕುಡ್ಕೋತ ಓದ್ರಿ. ಇದ್ರಾಗ ನನ್ನ ತಪ್ಪೂ ಐತಿ. ಮುಚ್ಚಿಟ್ರ ಯಾರಿಗೂ ಉಪಯೋಗ ಇಲ್ಲ, ಅದಕ್ಕ ಇದ್ದದ್ದು ಇದ್ದಂಗ ಬರ್ದೀನಿ.

ನಮ್ಮ ಗೌರಿ ನಿಮ್ಮಾಗ ಭಾಳ ಮಂದಿಗೆ ಗೊತ್ತು. ಐದು ವರ್ಷದ ಎಚ್‌ಎಫ್ ಕ್ರಾಸ್ ಆಕಳ, ಎರಡನೇ ಸೂಲು. ಈದ ಮ್ಯಾಲೆ ಮೂರು ಸಲ ಎಐ ಮಾಡ್ಸಿದ್ರೂ ಗಬ್ಬ ನಿಂತಿರಲಿಲ್ಲ. ಒಂದು ಸಲ ತಪ್ಪಿತು ಅಂದ್ರ 21 ದಿನ ಹೋತು. ನನ್ನ ಲೆಕ್ಕದಾಗ ಹಿಂಡಿ, ಹೊಟ್ಟು, ಕಣಕಿ, ಹಸಿ ಮೇವು ಎಲ್ಲಾ ಸೇರಿ ದಿನಕ್ಕ ಇನ್ನೂರು ರೂಪಾಯಿ. ಅಂದ್ರ ಒಂದೊಂದು ಸಲಕ್ಕ 4,200 ರೂಪಾಯಿ ಗ್ವಾದ್ಲಿಗೆ ಸುರದಂಗ. ಹಾಲು ಇಳೀತಾ ಬಂದಿತ್ತು, ಡೇರಿ ಬಿಲ್ಲೂ ಇಳೀತಾ ಬಂದಿತ್ತು, ಸೊಸೈಟಿ ಸಾಲದ ಕಂತು ಮಾತ್ರ ಇಳಿದಿರಲಿಲ್ಲ.

ನಾಕನೇ ಸಲ ಮಾರ್ಚ್ 28ರ ಸಂಜಿಗೆ ಎಐ ಆತು. ಮುಂಜಾನೆ ಲೋಳಿ ಬಿಟ್ಟಿತ್ತು, ಬಾಜೂಕಿನ ಕಡಸು ಮೈಮ್ಯಾಲೆ ಏರಿದ್ರ ಸುಮ್ನ ನಿಂತಿತ್ತು. ಮುಂಜಾನೆ ಬೆದಿ ಕಂಡ್ರ ಸಂಜಿಗೆ, ಸಂಜಿಗೆ ಕಂಡ್ರ ಮರುದಿನ ಮುಂಜಾನೆ ಅನ್ನೋ ಲೆಕ್ಕ ಈ ಸಲ ಸರಿಯಾಗಿ ಪಾಲಿಸಿದ್ವಿ. ಆದ್ರೂ ನನಗ ಧೈರ್ಯ ಇರಲಿಲ್ಲ. ಕೈ ಹಾಕಿ ನೋಡಾಕ ಎರಡು ತಿಂಗಳು ಕಾಯಬೇಕು. ಅಷ್ಟರಾಗ ಗಬ್ಬ ಇಲ್ಲ ಅಂತ ಗೊತ್ತಾದ್ರ ಮತ್ತ 60 ದಿನ ಹೋದಂಗ. "ಡಾಕ್ಟ್ರ, ಇದಕ್ಕ ಲಗೂನ ಗೊತ್ತಾಗೋ ದಾರಿ ಇಲ್ಲೇನ್ರಿ?" ಅಂತ ಕೇಳಿದ್ನಿ. ಅವರು, "22ನೇ ದಿನಕ್ಕ ರಕ್ತ ತಗದು ಪ್ರೊಜೆಸ್ಟೆರಾನ್ ನೋಡಬಹುದು. ಗಬ್ಬ ಇಲ್ಲ ಅನ್ನೋದು ಚಲೋ ಗೊತ್ತಾಗತೈತಿ, ಗಬ್ಬ ಐತಿ ಅನ್ನೋದು ಅಷ್ಟು ಖಾತ್ರಿ ಅಲ್ಲ" ಅಂದ್ರು.

ಇದೇನು ಅಂತ ಮೊದಲು ಹೇಳ್ತೀನಿ. ಆಕಳ ಬೆದಿಗೆ ಬಂದು ಅಂಡ ಒಡದ ಮ್ಯಾಲೆ ಆ ಜಾಗಾದಾಗ ಒಂದು ಗಂಟು ಬೆಳೀತೈತಿ. ಡಾಕ್ಟ್ರು ಅದಕ್ಕ ಹಳದಿ ಕಾಯ ಅಂತಾರ. ಅದು ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನು ರಕ್ತಕ್ಕ ಬಿಡ್ತೈತಿ. ಗರ್ಭಚೀಲ ಶಾಂತ ಇಡೋದು, ಮತ್ತ ಬೆದಿಗೆ ಬರದಂಗ ತಡಿಯೋದು ಅದರ ಕೆಲಸ. ಗಬ್ಬ ನಿಂತಿಲ್ಲ ಅಂದ್ರ ಸುಮಾರು 17-18ನೇ ದಿನಕ್ಕ ಆ ಗಂಟು ಕರಗತೈತಿ, ಪ್ರೊಜೆಸ್ಟೆರಾನ್ ಇಳೀತೈತಿ, 21ರ ಆಸುಪಾಸು ಮತ್ತ ಬೆದಿ. ಗಬ್ಬ ನಿಂತಿದ್ರ ಗಂಟು ಕರಗೂದಿಲ್ಲ, ಹಾರ್ಮೋನು ಮ್ಯಾಲೇ ಇರತೈತಿ. ಅದಕ್ಕ 21ರಿಂದ 24ನೇ ದಿನದೊಳಗ ನೋಡಿದ್ರ ಎರಡಕ್ಕೂ ವ್ಯತ್ಯಾಸ ಕಾಣತೈತಿ. ಬೆದಿ ದಿನ ಒಂದು ಮಿಲಿ ರಕ್ತದಾಗ ಒಂದು ನ್ಯಾನೊಗ್ರಾಂಗಿಂತ ಕಡಿಮಿ, ಗಬ್ಬ ಇದ್ದಾಗ ನಾಕೈದರ ಮ್ಯಾಲೆ. ನ್ಯಾನೊಗ್ರಾಂ ಅಂದ್ರ ಒಂದು ಗ್ರಾಂನ್ನ ನೂರು ಕೋಟಿ ಪಾಲು ಮಾಡಿ ಅದರಾಗ ಒಂದು ಪಾಲು.

ಅಷ್ಟು ಸಣ್ಣದನ್ನ ಹೆಂಗ ಅಳೀತಾರ? ನಾನು ಲ್ಯಾಬಿನ ಹುಡುಗಿನ್ನ ಕೇಳಿ ತಿಳ್ಕೊಂಡಿದ್ದು ನಮ್ಮ ಭಾಷೆದಾಗ ಹೇಳ್ತೀನಿ. ಕಕ್ಕೇರಿ ಜಾತ್ರಿ ಬಸ್ಸು ನೆನಸ್ಕೋರಿ. ಬಸ್ಸಿನ್ಯಾಗ ಐವತ್ತೇ ಸೀಟು. ಲ್ಯಾಬಿನವರು ತಮ್ಮ ಕಡೆಯಿಂದ ಕೆಂಪು ರುಮಾಲು ಸುತ್ತಿದ ಐವತ್ತು ಮಂದಿನ್ನ ಕಳಸ್ತಾರ. ನಮ್ಮ ಆಕಳ ರಕ್ತದಿಂದ ಬಿಳಿ ಟೊಪಗಿ ಮಂದಿ ಬರ್ತಾರ. ಇಬ್ರೂ ಅದೇ ಸೀಟಿಗೆ ಹೊಡದಾಡ್ತಾರ. ಬಿಳಿ ಟೊಪಗಿ ಭಾಳ ಬಂದ್ರ ಕೆಂಪು ರುಮಾಲಿಗೆ ಸೀಟು ಸಿಗೂದಿಲ್ಲ. ಬಸ್ಸು ಹೊಂಟ ಮ್ಯಾಲೆ ಒಳಗ ಕುಂತ ಕೆಂಪು ರುಮಾಲು ಎಷ್ಟು ಅಂತ ಎಣಿಸಿದ್ರ ಬಿಳಿ ಟೊಪಗಿ ಎಷ್ಟು ಬಂದಿತ್ತು ಅಂತ ಲೆಕ್ಕ ಸಿಗತೈತಿ. ಸೀಟು ಅಂದ್ರ ಪ್ರತಿಕಾಯ, ಕೆಂಪು ರುಮಾಲು ಅಂದ್ರ ಗುರುತು ಹಚ್ಚಿದ ಹಾರ್ಮೋನು, ಬಿಳಿ ಟೊಪಗಿ ಅಂದ್ರ ನಮ್ಮ ಗೌರಿಯ ಹಾರ್ಮೋನು. ಅದಕ್ಕ ಈ ಪರೀಕ್ಷಾದಾಗ ಬಣ್ಣ ಕಡಿಮಿ ಬಂತು ಅಂದ್ರ ಹಾರ್ಮೋನು ಹೆಚ್ಚು ಐತಿ ಅಂತ ಅರ್ಥ, ಉಲ್ಟಾ.

ಇದನ್ನ ಮೊದಲು ಮಾಡಿದವರು ಅಮೆರಿಕದ ರೊಸಾಲಿನ್ ಯಾಲೊ ಅನ್ನೋ ಹೆಣ್ಣಮಗಳು ಮತ್ತ ಸಾಲೊಮನ್ ಬರ್ಸನ್ ಅನ್ನೋ ಡಾಕ್ಟ್ರು. 1950ರ ದಶಕದಾಗ ಸಕ್ಕರಿ ಕಾಯಿಲಿಯವರ ರಕ್ತದಾಗಿನ ಇನ್ಸುಲಿನ್ ಮ್ಯಾಲೆ ಕೆಲಸ ಮಾಡ್ತಾ ಮಾಡ್ತಾ ಕಂಡ್ಕೊಂಡಿದ್ದು. ಆಗಿನ ಇನ್ಸುಲಿನ್ ದನ ಮತ್ತ ಹಂದಿ ಮೇದೋಜೀರಕದಿಂದ ತಗೀತಿದ್ರು. ಅದನ್ನ ಚುಚ್ಚಿಸ್ಕೊಂಡ ಮಂದಿ ಮೈಯಾಗ ಅದರ ವಿರುದ್ಧ ಪ್ರತಿಕಾಯ ಹುಟ್ಟತಾವ ಅನ್ನೋದು ಅವರಿಗೆ ಗೊತ್ತಾತು, ಅಲ್ಲಿಂದ ಈ ದಾರಿ ತೆರೀತು. ಅವರ ಕೆಂಪು ರುಮಾಲು ಅಂದ್ರ ವಿಕಿರಣ ಸೂಸೋ ಅಯೋಡಿನ್. 1977ರಾಗ ಯಾಲೊಗೆ ನೊಬೆಲ್ ಬಂತು. ಬರ್ಸನ್ 1972ರಾಗೇ ತೀರ್ಕೊಂಡಿದ್ರು. ವಿಕಿರಣದ ವಸ್ತು ಅಂದ್ರ ಲೈಸೆನ್ಸು ಬೇಕು, ಅಯೋಡಿನ್-125ರ ಬಲ 60 ದಿನದಾಗ ಅರ್ಧ ಆಗತೈತಿ. ಅದಕ್ಕ 1971ರಾಗ ಸ್ವೀಡನ್‌ನ ಎಂಗ್ವಾಲ್, ಪರ್ಲ್‌ಮನ್ ಅನ್ನೋರು ವಿಕಿರಣದ ಬದಲಿ ಬಣ್ಣ ಬರಿಸೋ ಕಿಣ್ವ ಹಚ್ಚಿ ಎಲೈಜಾ ತಂದ್ರು. ಅದೇ 1971ರಾಗ ಇಂಗ್ಲೆಂಡಿನ ಲೇಯಿಂಗ್, ಹೀಪ್ ಅನ್ನೋ ಇಬ್ರು ಆಕಳ ಹಾಲಿನ್ಯಾಗೂ ಪ್ರೊಜೆಸ್ಟೆರಾನ್ ಬೆದಿಗೆ ತಕ್ಕಂಗ ಏರಿಳಿತೈತಿ ಅಂತ ತೋರ್ಸಿದ್ರು. ಈಗ ಪ್ಯಾಟ್ಯಾಗಿನ ದೊಡ್ಡ ಲ್ಯಾಬ್‌ಗಳಾಗ ಬೆಳಕು ಸೂಸೋ ಗುರುತು ಹಚ್ಚಿ ಮಷಿನ್ನೇ ಅಳೀತೈತಿ. ಗುರುತು ಬದಲಾಗೈತಿ, ಸೀಟಿನ ಜಗಳ ಅದೇ.

ಈಗ ನನ್ನ ಕಥಿಗೆ ಬರ್ತೀನಿ. ಏಪ್ರಿಲ್ 19, ಎಐ ಆಗಿ 22ನೇ ದಿನ. ಮುಂಜಾನೆ ಎಂಟಕ್ಕ ಡಾಕ್ಟ್ರು ಬಂದು ಕುತ್ತಿಗಿ ನರದಿಂದ ಒಂದು ಟ್ಯೂಬು ರಕ್ತ ತಗದ್ರು. "ಲಗೂನ ಹೋಗ್ರಿ. ಐಸ್‌ದಾಗ ಇಡ್ರಿ. ಖಾನಾಪುರದಾಗೇ ಯಾವುದರ ಲ್ಯಾಬಿನ್ಯಾಗ ತಿರುಗಿಸಿ ಮ್ಯಾಲಿನ ನೀರು ಬ್ಯಾರೆ ಮಾಡಿಸ್ಕೊಂಡು ಆಮ್ಯಾಲೆ ಬೆಳಗಾವಿಗೆ ಒಯ್ರಿ" ಅಂದ್ರು. ನಾನು ಹೂಂ ಅಂದ್ನಿ. ಅಂದು ಟ್ಯೂಬು ಅಂಗಿ ಕಿಸೆದಾಗ ಇಟ್ಕೊಂಡ್ನಿ.

ಆಮ್ಯಾಲೆ ಏನ್ ಮಾಡಿದ್ನಿ ಅಂತ ಕೇಳ್ರಿ. ಬೀಡಿಯಿಂದ ಗಾಡಿ ಮ್ಯಾಲೆ ಖಾನಾಪುರಕ್ಕ ಹೋದ್ನಿ. ಬ್ಯಾಂಕಿನ್ಯಾಗ ಪಾಳಿ ಇತ್ತು, ನಿಂತ್ನಿ. ಗೊಬ್ಬರದ ಅಂಗಡ್ಯಾಗ ಹಳೇ ಬಾಕಿ ಮಾತಾಡಿದ್ನಿ. ಪರಿಚಯದವರು ಸಿಕ್ರು, ಚಾ ಆತು. ಐಸ್ ನೆನಪಿಗೆ ಬಂತು, "ಇನ್ನೇನು ಬೆಳಗಾವಿ ಒಂದು ತಾಸಿನ ದಾರಿ" ಅಂತ ಬಿಟ್ನಿ. ಹನ್ನೆರಡೂವರೆಗೆ ಬಸ್ ಹತ್ತಿದ್ನಿ. ಮಚ್ಛೆ, ಪೀರನವಾಡಿ, ಉದ್ಯಮಬಾಗ ದಾಟೂತನಕ ನಿಂತ್ಕೊಂಡೇ ಹೋದ್ನಿ, ಬಿಸಲು ಹಂಗ ಇತ್ತು. ಊಟ ಮಾಡಿ ಲ್ಯಾಬ್ ಮುಟ್ಟೂ ಹೊತ್ತಿಗೆ ಮೂರು ಗಂಟಿ. ಏಳು ತಾಸು ಆ ಟ್ಯೂಬು ನನ್ನ ಎದಿ ಬಿಸಿಯಾಗೇ ಇತ್ತು.

ಲ್ಯಾಬಿನ್ಯಾಗ ನಗೂ ಪ್ರಸಂಗ. ಕೌಂಟರಿನ ಹುಡುಗಿ, "ಪೇಶಂಟ್ ಹೆಸರು ಹೇಳ್ರಿ ಕಾಕಾ" ಅಂದ್ಲು.

"ಗೌರಿ."

"ವಯಸ್ಸು?"

"ಐದು."

ಆಕಿ ತಲಿ ಎತ್ತಿ ನೋಡಿದ್ಲು. ಐದು ವರ್ಷದ ಕೂಸಿಗೆ ಈ ಪರೀಕ್ಷಾ ಯಾಕ ಅಂತ ಆಕಿಗೆ ಗಾಬ್ರಿ. "ತಂಗಿ, ಆಕಳದ್ದವಾ" ಅಂದ್ನಿ. ಒಳಗ ಹೋಗಿ ದೊಡ್ಡವರನ್ನ ಕೇಳ್ಕೊಂಡು ಬಂದ್ಲು. ಅವರು ಒಪ್ಪಿದ್ರು, ಆದ್ರ, "ರಿಪೋರ್ಟಿನ್ಯಾಗ ಅಚ್ಚಾಗಿರೋ ಪ್ರಮಾಣ ಹೆಣ್ಣಮಕ್ಕಳದ್ದು, ಅದನ್ನ ನೋಡಬ್ಯಾಡ್ರಿ, ನಿಮ್ಮ ದನದ ಡಾಕ್ಟ್ರಿಗೆ ತೋರಿಸ್ರಿ" ಅಂತ ಹೇಳಿ ಕಳಿಸಿದ್ರು. ನೀವು ಹೋದ್ರೂ ಸುಳ್ಳು ಹೆಸರು ಬರಸಬ್ಯಾಡ್ರಿ. ಆಕಳದ್ದು ಅಂತ ಹೇಳ್ರಿ. ಒಲ್ಲೆ ಅಂದ್ರ ಬ್ಯಾರೆ ಕಡೆ ಹೋಗ್ರಿ.

ಮನಷ್ಯಾರ ಮಷಿನ್ನಿನ್ಯಾಗ ಆಕಳ ರಕ್ತ ನಡೀತೈತೇನು ಅಂತ ನೀವು ಕೇಳಬಹುದು. ಪ್ರೊಜೆಸ್ಟೆರಾನ್ ಮಟ್ಟಿಗೆ ನಡೀತೈತಿ, ಯಾಕಂದ್ರ ಆ ಹಾರ್ಮೋನು ಆಕಳದಾಗೂ ಎಮ್ಮಿಯಾಗೂ ಹೆಣ್ಣಮಕ್ಕಳಾಗೂ ಒಂದೇ. ಆದ್ರ ಕಿಟ್ಟು ಮನಷ್ಯಾರ ರಕ್ತಕ್ಕ ಹೊಂದಿಸಿದ್ದು, ಅದಕ್ಕ ಪಾಯಿಂಟ್ ಮುಂದಿನ ಅಂಕಿಗೆ ತಲಿ ಕೆಡಿಸ್ಕೋಬಾರದು, ತಳಕ್ಕ ಐತೋ ಮ್ಯಾಲೆ ಐತೋ ಅಷ್ಟೇ ನೋಡಬೇಕು. ಎಲ್‌ಎಚ್, ಎಫ್‌ಎಸ್‌ಎಚ್ ಅಂತ ಬ್ಯಾರೆ ಹಾರ್ಮೋನು ಅದಾವ, ಅವು ಪ್ರೋಟೀನು, ಜಾತಿಗೊಂದು ರೂಪ. ಅವಕ್ಕ ಮನಷ್ಯಾರ ಕಿಟ್ಟು ನಂಬಾಕ ಬರೂದಿಲ್ಲ. ಔಷಧಿ ಅಂಗಡ್ಯಾಗ ಸಿಗೋ ಗರ್ಭ ನೋಡೋ ಪಟ್ಟಿನೂ ದನಕ್ಕ ಬರೂದಿಲ್ಲ. ಅದು ಹುಡುಕೋ ಹಾರ್ಮೋನು ಆಕಳ ಮೈಯಾಗ ಹುಟ್ಟೂದೇ ಇಲ್ಲ. ನಮ್ಮೂರಾಗ ಒಬ್ರು ಗೋಮೂತ್ರದಾಗ ಅದ್ದಿ ನೋಡಿ ಬ್ಯಾಸರ ಮಾಡ್ಕೊಂಡಿದ್ರು, ಅದಕ್ಕ ಬರ್ದೀನಿ.

ಮರುದಿನ ಮೊಬೈಲಿಗೆ ರಿಪೋರ್ಟ್ ಬಂತು. 0.6. ಒಂದರ ಒಳಗ. ಅಂದ್ರ ಗಬ್ಬ ಇಲ್ಲ. ಓದಿ ಕಟ್ಟಿ ಮ್ಯಾಲೆ ಕುಂತ್ಬಿಟ್ನಿ. ನಾಕು ಸಲ, ಮೂರು ತಿಂಗಳು. ಸಿಟ್ಟಿನ್ಯಾಗ ಡಾಕ್ಟ್ರಿಗೂ ಫೋನ್ ಮಾಡಲಿಲ್ಲ, ದಲಾಲಿಗೆ ಮಾಡಿದ್ನಿ. ಅವ 21ಕ್ಕ ಮನಿಗೆ ಬಂದ. ಗಬ್ಬ ಇದ್ರ 55 ಸಾವಿರದ ಆಕಳ, "ಖಾಲಿ ಐತಿ, ನಾಕು ಸಲ ತಪ್ಪೈತಿ" ಅಂತ ನಾನೇ ಬಾಯಿ ಬಿಟ್ಟು ಹೇಳಿದ್ದಕ್ಕ 31 ಸಾವಿರಕ್ಕ ಮಾತು ಮುಗೀತು. ಎರಡು ಸಾವಿರ ಸಂಚಕಾರ ಕೊಟ್ಟ, ವಾರದಾಗ ಗಾಡಿ ತರ್ತೀನಿ ಅಂದ.

ನಮ್ಮನಿಯಾಕಿ ಆವತ್ತು ಒಲಿ ಮುಂದ ಕುಂತು ಒಂದೇ ಮಾತು ಕೇಳಿದ್ಲು. "ರೀ, ಖಾಲಿ ಇದ್ರ ಬೆದಿಗೆ ಬರಬೇಕಿತ್ತಲ್ಲ? ದಿನಾ ಎರಡು ಹೊತ್ತು ಹಿಂಡಾಕಿ ನಾನು. ಲೋಳಿ ಇಲ್ಲ, ಒದರಿಲ್ಲ, ಹಾಲು ಒಂದು ಗ್ಲಾಸೂ ಕಡಿಮಿ ಆಗಿಲ್ಲ."

"ಮಷಿನ್ನಿಗಿಂತ ನಿನಗ ಹೆಚ್ಚು ಗೊತ್ತೇನು?" ಅಂತ ಅಂದ್ಬಿಟ್ನಿ. ಆಕಿ ಮತ್ತ ಮಾತಾಡಲಿಲ್ಲ. ಅನ್ನಬಾರದಿತ್ತು.

ಡಾಕ್ಟ್ರು 23ಕ್ಕ ಬ್ಯಾರೆಯವರ ಕರಕ್ಕ ಔಷಧ ಹಾಕಾಕ ಓಣಿಗೆ ಬಂದವರು ನಮ್ಮಲ್ಲೂ ಇಣುಕಿದ್ರು. ರಿಪೋರ್ಟ್ ತೋರ್ಸಿದ್ನಿ. ಅವರು ಅಂಕಿ ನೋಡಿ ನಮ್ಮನಿಯಾಕಿ ಕೇಳಿದ್ದನ್ನೇ ಕೇಳಿದ್ರು: "ಬೆದಿಗೆ ಬಂತೇನು?" ಇಲ್ಲ ಅಂದ್ನಿ. "19ಕ್ಕ 0.6 ಇದ್ರ ಆವತ್ತೋ ಮರುದಿನವೋ ಬೆದಿ ಕಾಣಬೇಕಿತ್ತು. ರಕ್ತ ಹೆಂಗ ಒಯ್ದ್ರಿ?" ಅಂದ್ರು. ಕಿಸೆ ಕಥಿ ಹೇಳಿದ್ನಿ. ಅವರು ಬೈಲಿಲ್ಲ, ತಲಿ ಮ್ಯಾಲೆ ಕೈ ಇಟ್ಕೊಂಡ್ರು.

ಅವರು ಹೇಳಿದ್ದು ಇದು. ಟ್ಯೂಬಿಗೆ ಬಂದ ಮ್ಯಾಲೂ ರಕ್ತ ಜೀವಂತ ಇರತೈತಿ. ಆಕಳ ರಕ್ತದಾಗಿನ ಕೆಂಪು ಕಣಗಳು ಪ್ರೊಜೆಸ್ಟೆರಾನ್‌ನ್ನ ಬ್ಯಾರೆ ವಸ್ತು ಮಾಡ್ಕೋತ ಹೋಗ್ತಾವ. ಬಿಸಿ ಇದ್ದಷ್ಟೂ ಲಗೂ, ತಣ್ಣಗಿದ್ರ ನಿಧಾನ. ಒಂದೆರಡು ತಾಸಿನ್ಯಾಗೇ ಇಳಿಯಾಕ ಶುರು ಆಗತೈತಿ. ಕಣ ಬ್ಯಾರೆ ಮಾಡಿ ಮ್ಯಾಲಿನ ತಿಳಿ ನೀರು ತಗದು ಇಟ್ರ ಆಗ ನಿಲ್ಲತೈತಿ. ಅಂದ್ರ ಮಷಿನ್ನು ಸುಳ್ಳು ಹೇಳಿರಲಿಲ್ಲ. ಅದಕ್ಕ ಕೊಟ್ಟ ರಕ್ತದಾಗ ಇದ್ದದ್ದು 0.6. ಗೌರಿ ಮೈಯಾಗ ಎಷ್ಟಿತ್ತು ಅನ್ನೋದನ್ನ ನನ್ನ ಕಿಸೆ ತಿಂದಿತ್ತು.

"ಇನ್ನೊಂದು ಸಲ ನೋಡೂಣು" ಅಂದ್ರು. "ಯಾರಿಗೂ ಕಾಣದಂಗ 20-21ಕ್ಕ ಮೂಕ ಬೆದಿ ಬಂದು ಹೋಗಿದ್ರ ನಾಳಿಗೆ ಅದಕ್ಕ ಮೂರು-ನಾಕನೇ ದಿನ, ಹಳದಿ ಕಾಯ ಇನ್ನೂ ಎಳೇದು, ಪ್ರೊಜೆಸ್ಟೆರಾನ್ ತಳದಾಗೇ ಇರತೈತಿ. ಗಬ್ಬ ಇದ್ರ ಮ್ಯಾಲಿರತೈತಿ. ಎರಡರಾಗ ಒಂದು ತೀರ್ಮಾನ ಆಗತೈತಿ." ಅಲ್ಲೀತನಕ ಯಾವ ಇಂಜೆಕ್ಷನ್ನೂ ಬ್ಯಾಡ, ಮತ್ತ ಎಐ ಅಂತೂ ಮೊದಲೇ ಬ್ಯಾಡ ಅಂದ್ರು. ಖಾಲಿ ಅಂತ ತಿಳ್ಕೊಂಡು ಬೆದಿಗೆ ತರೋ ಪ್ರೊಸ್ಟಾಗ್ಲಾಂಡಿನ್ ಸೂಜಿ ಕೊಟ್ರ ಅದು ಹಳದಿ ಕಾಯ ಕರಗಸ್ತೈತಿ. ಗಬ್ಬದ ಆಕಳಕ್ಕ ಕೊಟ್ರ ಕರು ಹೋತು. ಇದನ್ನ ಕೇಳಿ ನನ್ನ ಕೈಕಾಲು ತಣ್ಣಗಾದ್ವು. ಯಾಕಂದ್ರ ದಲಾಲಿ ಬರದಿದ್ರ ನಾನು ಅದೇ ಸೂಜಿ ಕೇಳೋನಿದ್ನಿ.

24ಕ್ಕ, ಅಂದ್ರ 27ನೇ ದಿನ, ಮತ್ತ ರಕ್ತ. ಈ ಸಲ ನಮ್ಮನಿಯಾಕಿ ಹಾಲಿನ ಕ್ಯಾನಿನ್ಯಾಗ ಐಸ್ ತುಂಬಿ, ಟ್ಯೂಬಿಗೆ ಬಟ್ಟಿ ಸುತ್ತಿ, ಪ್ಲಾಸ್ಟಿಕ್ ಚೀಲದಾಗ ಹಾಕಿ ನಡುವ ಇಟ್ಲು. ರಕ್ತ ನೇರ ಐಸಿಗೆ ತಾಗಿ ಹೆಪ್ಪುಗಟ್ಟಿ ಕಣ ಒಡೀಬಾರದು, ಅದಕ್ಕ ಬಟ್ಟಿ. ಮುಕ್ಕಾಲು ತಾಸಿನ್ಯಾಗ ಖಾನಾಪುರ, ಅಲ್ಲೇ ತಿರುಗಿಸಿ ತಿಳಿ ನೀರು ಬ್ಯಾರೆ ಟ್ಯೂಬಿಗೆ. ಎಲ್ಲೂ ಚಾ ಇಲ್ಲ. ಹನ್ನೊಂದಕ್ಕ ಬೆಳಗಾವಿ. ಕೌಂಟರಿನ ಹುಡುಗಿ, "ಗೌರಿ ಬಂದಾಳೇನ್ರಿ ಕಾಕಾ?" ಅಂತ ನಕ್ಲು.

ಸಂಜಿಗೆ ರಿಪೋರ್ಟ್ ಬಂತು. 6.8.

ಮೊಬೈಲು ನಮ್ಮನಿಯಾಕಿ ಕೈಯಾಗ ಕೊಟ್ನಿ. ಆಕಿ ಅಂಕಿ ನೋಡಿ ಏನೂ ಅನ್ನಲಿಲ್ಲ, ಗ್ವಾದ್ಲಿಗೆ ಹೋಗಿ ಒಂದು ಹಿಡಿ ಹಿಂಡಿ ಹೆಚ್ಚು ಹಾಕಿದ್ಲು. "ನೀ ಹೇಳಿದ್ದೇ ಖರೆ" ಅಂದ್ನಿ. "ನಾ ಏನ್ ಹೇಳಿದ್ನಿ, ಗೌರಿ ಹೇಳಿದ್ದಲ್ಲ" ಅಂದ್ಲು.

ದಲಾಲಿಗೆ ಸಂಚಕಾರ ವಾಪಸ್ ಕೊಡೋದು ಸುಲಭ ಇರಲಿಲ್ಲ. ಮಾತು ಕೊಟ್ಟಾಗಿತ್ತು. ಎರಡು ಸಾವಿರದ ಮ್ಯಾಲೆ ಅವನ ಓಡಾಟದ ಖರ್ಚು 200 ಸೇರಿಸಿ ಕೊಟ್ಟು ಇದ್ದ ಸಂಗತಿ ಹೇಳಿದ್ನಿ. ಅವ ಗೊಣಗಿದ, ತಗೊಂಡ. ಹೋಗೋ ಮುಂದ ಒಂದು ಮಾತು ಅಂದ: "ಹಿಂಗ ಕಾಗದ ನೋಡಿ ಕೊಟ್ಟ ಆಕಳ ನನ್ನ ಕೈಯಾಗ ಎಷ್ಟು ಹೋಗ್ಯಾವೋ ಏನೋ." ಆ ಮಾತು ನನಗ ಇನ್ನೂ ಚುಚ್ಚತೈತಿ.

ಈಗ ಇನ್ನೊಂದು ಮಗ್ಗಲೂ ಕೇಳ್ರಿ, ಇಲ್ಲಂದ್ರ ಈ ಪರೀಕ್ಷಾ ಅಂದ್ರ ದೇವರ ವಾಕ್ಯ ಅಂತ ತಿಳ್ಕೋತೀರಿ. ನಂದಗಡದಾಗಿನ ನನ್ನ ಷಡ್ಡಕ ನನ್ನ ನೋಡಿ ತನ್ನ ಮುರಾ ಎಮ್ಮಿದೂ ಮಾಡ್ಸಿದ. ಐಸು, ತಿಳಿ ನೀರು ಎಲ್ಲಾ ಸರಿ. 22ನೇ ದಿನಕ್ಕ 4.1. ಖುಷಿಲೆ ಪೇಢೆ ಹಂಚಿದ. ಎರಡು ತಿಂಗಳಿಗೆ ಡಾಕ್ಟ್ರು ಕೈ ಹಾಕಿ ನೋಡಿದ್ರ ಖಾಲಿ. ಯಾಕ? ಎಮ್ಮಿ ಬೆದಿ ಸರಿ ಕಾಣೂದಿಲ್ಲ, ಅದರಾಗೂ ಬ್ಯಾಸಗಿ ದಿನ. ಸ್ವಲ್ಪ ಲೋಳಿ ಕಂಡದ್ದಕ್ಕ ಬೆದಿ ಅಂತ ತಿಳ್ಕೊಂಡು ಎಐ ಮಾಡಿಸಿದ್ದ. ಆವತ್ತು ಅದು ಬೆದಿ ನಡುವಿನ ದಿನ ಇದ್ದಿದ್ರ, 21-22 ದಿನ ಬಿಟ್ಟು ನೋಡಿದಾಗ ಮತ್ತ ಅದೇ ನಡುವಿನ ದಿನಕ್ಕ ಬಂದಿರತೈತಿ. ಹಾರ್ಮೋನು ಮ್ಯಾಲೆ, ಹೊಟ್ಟಿ ಖಾಲಿ. ಇಲ್ಲಾ, ಗಬ್ಬ ನಿಂತು ಆಮ್ಯಾಲೆ ಭ್ರೂಣ ಸತ್ತಿರಲೂಬಹುದು. ಅದಕ್ಕೇ ಡಾಕ್ಟ್ರು ಮೊದಲೇ ಹೇಳಿದ್ದು: ಕಡಿಮಿ ಬಂದ್ರ "ಇಲ್ಲ" ಅನ್ನೋದು ಹೆಚ್ಚೂಕಡಿಮಿ ಖಾತ್ರಿ, ಹೆಚ್ಚು ಬಂದ್ರ "ಇರಬಹುದು" ಅಷ್ಟೇ. ನನ್ನ ಪುಣ್ಯಾ, "ಖಾತ್ರಿ" ಅನ್ನೋ ಕಡೆನೇ ನನ್ನ ಕಿಸೆ ಕೆಡಿಸಿತ್ತು!

ಪಿಎಜಿ ಅಂತ ಇನ್ನೊಂದು ಪರೀಕ್ಷಾ ಐತಿ. ಗರ್ಭದ ಮಾಸಿನಿಂದ ಬರೋ ಪ್ರೋಟೀನನ್ನ ಎಲೈಜಾದಾಗ ನೋಡ್ತಾರ, ಎಐ ಆಗಿ 28 ದಿನದ ಮ್ಯಾಲೆ. ಅದು ಗರ್ಭದ್ದೇ ಗುರುತು, ಹಳದಿ ಕಾಯದ್ದಲ್ಲ. ಆದ್ರ ಈದ ಮ್ಯಾಲೆ ಎರಡು ತಿಂಗಳ ತನಕ ಹಳೇ ಗರ್ಭದ ಪ್ರೋಟೀನು ರಕ್ತದಾಗ ಉಳದಿರತೈತಿ, ಆಗ ನೋಡಿದ್ರ ಮೋಸ ಹೋಗ್ತೀವಿ. ಇದಕ್ಕ ಮನಷ್ಯಾರ ಲ್ಯಾಬಿನ ಕಿಟ್ಟು ಬರೂದಿಲ್ಲ, ದನಕ್ಕಂತ ಮಾಡಿದ್ದೇ ಬೇಕು. ಸ್ಕ್ಯಾನಿಂಗ್ ಇದ್ದಲ್ಲಿ 30 ದಿನಕ್ಕೇ ಕಾಣತೈತಿ.

ನಾನು ಈಗ ಏನ್ ಮಾಡ್ತೀನಿ ಅಂದ್ರ, ಎಲ್ಲಾ ದನಕ್ಕೂ ರಕ್ತ ಪರೀಕ್ಷಾ ಮಾಡಸೂದಿಲ್ಲ. ಪರೀಕ್ಷಾಕ್ಕ 650 ರೂಪಾಯಿ, ಬಸ್ಸು, ಒಂದು ದಿನದ ಕೆಲಸ. ಮತ್ತ ಮತ್ತ ತಪ್ಪೋ ಆಕಳಕ್ಕ ಮಾತ್ರ. ಗ್ವಾದ್ಲಿ ಗ್ವಾಡಿಗೆ ಕ್ಯಾಲೆಂಡರ್ ಹಾಕೀನಿ, ಎಐ ದಿನ, 18ರಿಂದ 24ನೇ ದಿನ ಕೆಂಪು ಗೆರಿ. ಆ ಗೆರಿ ಒಳಗ ಮುಂಜಾನೆ ಸಂಜಿ ಹತ್ತತ್ತು ನಿಮಿಷ ನಿಂತು ನೋಡಬೇಕು, ಬರೀಬೇಕು. ಬರಿಯೋ ಕೆಲಸ ನಮ್ಮನಿಯಾಕಿದು. ರಕ್ತ ಕಳಿಸಿದ್ರ ಎಷ್ಟು ಗಂಟಿಗೆ ತಗದ್ವಿ, ಎಷ್ಟು ಗಂಟಿಗೆ ತಿರುಗಿಸಿದ್ವಿ ಅಂತ ಟ್ಯೂಬಿನ ಮ್ಯಾಲೇ ಬರೀತೀವಿ. ಯಾವ ಟ್ಯೂಬು ಬೇಕು ಅಂತ ಲ್ಯಾಬಿಗೆ ಮೊದಲೇ ಫೋನ್ ಮಾಡ್ತೀವಿ. ಕಾಗದಕ್ಕೂ ಆಕಳಕ್ಕೂ ಹೊಂದಿಕಿ ಆಗದಿದ್ರ ಆಕಳನ್ನ ಇನ್ನೊಮ್ಮೆ ನೋಡ್ತೀವಿ, ಕಾಗದ ಇನ್ನೊಂದು ತರಿಸ್ತೀವಿ. ಏನಾದ್ರೂ ಎರಡು ತಿಂಗಳಿಗೆ ಡಾಕ್ಟ್ರು ಕೈ ಹಾಕಿ ಹೇಳೂತನಕ ಪೇಢೆ ಇಲ್ಲ.

ಜೂನ್ 1ಕ್ಕ, 65ನೇ ದಿನ, ಡಾಕ್ಟ್ರು ಗೌರಿಗೆ ಕೈ ಹಾಕಿ ನೋಡಿದ್ರು. ಕೈ ತೊಳ್ಕೋತ, "ಐತ್ರಿ, ಗಟ್ಟಿ ಐತಿ" ಅಂದ್ರು. ಲೆಕ್ಕ ಹಾಕಿದ್ರ ಹೊಸ ವರ್ಷದ ಮೊದಲ ವಾರದಾಗ ಈಯಬೇಕು. ಹೋರಿಗರವೋ ಆಕಳಗರವೋ, ನಮಗ ಎರಡೂ ಒಂದೇ.

ನಿಮ್ಮಾಗ ಯಾರರ ರಕ್ತ ಪರೀಕ್ಷಾ ಮಾಡಿಸಿದ್ರ ಹೆಂಗ ಒಯ್ದ್ರಿ, ಏನ್ ಬಂತು, ಕಡೀಕ ಏನಾತು ಅಂತ ಬರೀರಿ. ತಪ್ಪಾಗಿದ್ರೂ ಬರೀರಿ. ಖಾಲಿ ಅಂತ ರಿಪೋರ್ಟ್ ನೋಡಿ ಆಕಳ ಮಾರಾಕ ಹೊಂಟವರು ಇದ್ರ, ನಾಕು ದಿನ ತಡೀರಿ. ಹಾಲು ಹಿಂಡವರನ್ನ ಒಂದು ಮಾತು ಕೇಳ್ರಿ.